ಸೋಮವಾರದ ಗುಂಡಿ

ಐರ್ಲೆಂಡಿನ ನಮ್ಮ ಕಿಲ್‌ರೋನಾದಲ್ಲಿ ಮನೆ ಕೊಂಡ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಯೊಸ್ಟ್ ಹಾಲೆಂಡಿನಿಂದ ಬಂದು ಸೇತುವೆಯ ಪಕ್ಕದ ಮನೆ ಕೊಂಡ, ಸೂರು ಬದಲಿಸಿದ, ಅಲ್ಲೇ ತಲೆಯೂ ನರೆಯಿತು. ಆದರೂ ಅದು ಮಲಾಕಿಯ ಮನೆ. ಮಲಾಕಿ ತೀರಿಕೊಂಡದ್ದು ನನ್ನ ಮದುವೆಗೂ ಮುಂಚೆ. ಯೊಸ್ಟ್ ಸತ್ತ ಮೇಲೆ ಅದು ಯೊಸ್ಟ್‌ನ ಮನೆಯಾಗುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು. ಇಲ್ಲಿ ಪಬ್ ನಡೆಸುವವಳು ನಾನು, ಡೀಲಿಯಾ. ದಾರಿ ಕೇಳಿದವರಿಗೆಲ್ಲ ನಾನೂ ಮಲಾಕಿಯ ಮನೆ ಎಂದೇ ಹೇಳುತ್ತೇನೆ.

ಅವನಲ್ಲಿ ಇದ್ದ ದೋಷ ಒಂದೇ, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಿದ್ದ. ಚಹಾ ಕುಡಿಯುತ್ತೀಯಾ ಎಂದರೆ ಮೊದಲ ಸಲಕ್ಕೇ ಹೂಂ ಎನ್ನುತ್ತಿದ್ದ. ನಮ್ಮಲ್ಲಿ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಲೋಟ ಹಿಡಿಯುವುದು ಮರ್ಯಾದೆ. ನಾವು ಒಮ್ಮೆ ಬೇಡ ಎಂದರೆ ಅವನು ಕೆಟಲನ್ನೇ ಒಲೆಯಿಂದ ಇಳಿಸಿಬಿಡುತ್ತಿದ್ದ. ಅವನ ಮನೆಯಿಂದ ಬಾಯಾರಿಕೊಂಡು ಬರದವರು ಊರಿನಲ್ಲಿ ಯಾರೂ ಇಲ್ಲ.

ಅವನು ಬಂದ ಮೊದಲ ಚಳಿಗಾಲದಲ್ಲಿ ಫೆಸ್ಟಸ್ ಹಾಸಿಗೆ ಹಿಡಿದ. ಫೆಸ್ಟಸ್ ಎಂದರೆ ನಮ್ಮೂರಿನ ಹಿರಿಯ ತಲೆ, ಸ್ಮಶಾನದ ಯಾವ ಮೂಲೆಯಲ್ಲಿ ಯಾರು ಮಲಗಿದ್ದಾರೆ ಎಂದು ಬಲ್ಲವನು. ಎದೆಯಲ್ಲಿ ಕಫ ಕಟ್ಟಿ, ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿ ಹೋಗಿದ್ದರು. ಮುಖದಲ್ಲಿ ಕಳೆ ಬಂದಿದೆ, ಇನ್ನೇನು ಎದ್ದೇ ಬಿಡುತ್ತೀಯ ಎಂದು ನಾವೆಲ್ಲ ಹಾಸಿಗೆಯ ಸುತ್ತ ಕೂತು ಚೆನ್ನಾಗಿ ಸುಳ್ಳು ಹೇಳುತ್ತಿದ್ದೆವು. ಯೊಸ್ಟ್ ಒಳಗೆ ಬಂದ. ಫೆಸ್ಟಸನ ಕೈ ಹಿಡಿದುಕೊಂಡ.

“ಹೆದರಬೇಡಿ, ಫೆಸ್ಟಸ್. ನಿಮ್ಮ ಗುಂಡಿ ನಾನೇ ತೋಡ್ತೀನಿ. ಆಳವಾಗಿ, ನೆಟ್ಟಗೆ ತೋಡ್ತೀನಿ. ಇದು ನನ್ನ ಮಾತು.”

ಪ್ರೀತಿಯಿಂದಲೇ ಹೇಳಿದ, ಪಾಪ. ಫೆಸ್ಟಸ್ ಕಣ್ಣು ಬಿಟ್ಟ, ದಿಂಬಿಗೆ ಒರಗಿ ಎದ್ದು ಕೂತ, ಗಂಜಿ ಕೇಳಿದ. ಮುಂದಿನ ವಾರ ತನ್ನ ಕಾಲ ಮೇಲೆ ನಡೆದುಕೊಂಡು ನನ್ನ ಪಬ್ಬಿಗೆ ಬಂದ. ಹಟಕ್ಕೇ ಬದುಕಿದ ಎಂದು ಊರು ಈಗಲೂ ಹೇಳುತ್ತದೆ. ಡಾಕ್ಟರ ಔಷಧಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಗುಂಡಿ ತೋಡುವುದು ನಮ್ಮಲ್ಲಿ ಕೂಲಿಯ ಕೆಲಸವಲ್ಲ. ಸತ್ತವರ ಮನೆಯವರು ನೆರೆಯವರಲ್ಲಿ ನಾಲ್ವರನ್ನು ಕರೆಯುತ್ತಾರೆ. ಕರೆದರೆ ಇಲ್ಲ ಎನ್ನುವಂತಿಲ್ಲ, ಕರೆಯದೆ ಸನಿಕೆ ಮುಟ್ಟುವಂತಿಲ್ಲ. ತಾನಾಗಿ ಮೇಲೆ ಬಿದ್ದು ಕೇಳಿದವನು, ಅದೂ ಮನುಷ್ಯ ಇನ್ನೂ ಜೀವಂತ ಇರುವಾಗ ಕೇಳಿದವನು, ಯೊಸ್ಟ್ ಒಬ್ಬನೇ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಕೆಟ್ಟ ಪಂಪು, ಮುರಿದ ಗೇಟು, ನಡುರಾತ್ರಿ ಕರು ಹಾಕುವ ಹಸು, ಎಲ್ಲಕ್ಕೂ ಅವನು ಬೇಕು. ಸಾವಿನ ದಿನ ಮಾತ್ರ ಅವನು ಕಾರಿನ ಹಿಂದೆ ಸನಿಕೆ ಇಟ್ಟುಕೊಂಡು ಬಂದು, ಸ್ಮಶಾನದ ಗೋಡೆಗೆ ಒರಗಿ ನಿಂತು, ಹಾಗೆಯೇ ವಾಪಸು ಹೋಗುತ್ತಿದ್ದ.

“ಡೀಲಿಯಾ, ಎಲ್ಲದಕ್ಕೂ ನನ್ನ ಕರೀತಾರೆ, ಅದೊಂದಕ್ಕೆ ಬಿಟ್ಟು,” ಎಂದು ಒಮ್ಮೆ ನನ್ನೆದುರು ಹೇಳಿಕೊಂಡ. ಆದರೆ ಅದು ನಾನು ಕೊಡುವಂಥದ್ದಲ್ಲ.

ಹೋದ ಶರತ್ಕಾಲದಲ್ಲಿ ಲಂಡನ್ನಿನಿಂದ ಸಿನಿಮಾದವರು ಬಂದರು. ಪೇಟೆಯವನೊಬ್ಬ ಹಳ್ಳಿಗೆ ಬಂದು, ಎಡವಿ ಬಿದ್ದು, ಕೊನೆಗೆ ಹಳ್ಳಿಯವನೇ ಆಗುವ ನಗೆಯ ಕಥೆ. ನಿರ್ದೇಶಕಿ ಇಮೋಜನ್ ಒಳ್ಳೆಯ ಹುಡುಗಿ, ಊರವರನ್ನೆಲ್ಲ ಊರವರ ಪಾತ್ರಕ್ಕೇ ಹಾಕಿಕೊಂಡಳು. ಕಥೆಯಲ್ಲಿ ಒಂದು ಸಾವು ಇತ್ತು. ಅದಕ್ಕಾಗಿ ಫೆಸ್ಟಸನ ಹೊಲದ ಮೂಲೆಯಲ್ಲಿ ಸುಳ್ಳು ಸ್ಮಶಾನ ಮಾಡಿದರು. ಸೋಮವಾರ ಬೆಳಗ್ಗೆ ಬಂದು ಗುಂಡಿ ತೋಡಿಕೊಡಿ ಎಂದು ಗಂಡಸರನ್ನು ಕೇಳಿದಳು. ನೋಡೋಣ, ಆಗಬಹುದು, ಮಳೆ ಬರದಿದ್ದರೆ ಎಂದರು ಎಲ್ಲರೂ. ಅವಳು ಖುಷಿಯಿಂದ ಹೋದಳು. ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೋಮವಾರ ನಮ್ಮಲ್ಲಿ ಗುಂಡಿ ತೆರೆಯುವುದಿಲ್ಲ, ತೆರೆದರೆ ಅದು ಇನ್ನೊಂದು ಸಾವನ್ನು ಕರೆದುಕೊಂಡು ಬರುತ್ತದೆ. ತೋಡಲೇಬೇಕಾದರೆ ಭಾನುವಾರವೇ ಯಾರಾದರೂ ಹೋಗಿ ಒಂದು ಹುಲ್ಲುಹೆಂಟೆ ಕೊಯ್ದು ಮಗುಚಿಟ್ಟು ಬರಬೇಕು, ಆಗ ಗುಂಡಿ ಭಾನುವಾರವೇ ತೆರೆದ ಲೆಕ್ಕ. ಸುಳ್ಳು ಗುಂಡಿಗೆ ಯಾರು ಆ ಕಷ್ಟ ಪಡುತ್ತಾರೆ?

ಸೋಮವಾರ ಬೆಳಗ್ಗೆ ನಾನು ಚಹಾ ಹಿಡಿದುಕೊಂಡು ಹೊಲಕ್ಕೆ ಹೋದೆ. ಕ್ಯಾಮೆರಾ ಇತ್ತು, ಸನಿಕೆ ಇತ್ತು, ಗಂಡಸರು ಇರಲಿಲ್ಲ. ಯಾವ ಮೂರ್ಖ ಬಂದಿದ್ದಾನೋ ನೋಡೋಣ ಎಂದು ಫೆಸ್ಟಸ್ ಕೋಲೂರಿಕೊಂಡು ಬಂದ. ಗುರುತು ಹಾಕಿದ್ದ ಜಾಗದಲ್ಲಿ ಒಂದು ಹೆಂಟೆ ಅಚ್ಚುಕಟ್ಟಾಗಿ ಮಗುಚಿ ಬಿದ್ದಿತ್ತು. ಕೊಯ್ದ ಅಂಚು ಆಗಲೇ ಒಣಗಿತ್ತು, ನಿನ್ನೆಯದೇ ಸರಿ. ಯಾರು ಮಾಡಿದ್ದು ಎಂದು ಫೆಸ್ಟಸ್ ಕೇಳಿದ. ನಿನ್ನೆ ಸಂಜೆ ಯೊಸ್ಟ್ ಬಂದಿದ್ದರು, ಇದನ್ನು ಮಾಡದಿದ್ದರೆ ನಾಳೆ ಯಾರೂ ಬರಲ್ಲ ಅಂದರು ಎಂದಳು ಇಮೋಜನ್.

ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ವರ್ಷ ಗೋಡೆಯ ಪಕ್ಕ ನಿಂತು ಸುಮ್ಮನೆ ಕಾಲ ಕಳೆದಿರಲಿಲ್ಲ ಆಸಾಮಿ.

ಫೆಸ್ಟಸ್ ಆ ಹೆಂಟೆಯನ್ನೇ ನೋಡುತ್ತಾ ನಿಂತ. ಆಮೇಲೆ ಗಂಡಸರಿಗೆ ಹೇಳಿ ಕಳಿಸಿದ. ಬಂದರು. ಯೊಸ್ಟ್ ಕೂಡ ಸನಿಕೆ ತಂದಿದ್ದ, ಮೊದಲ ಸಲ ತೋಡುವವರ ಜೊತೆ ಬೇಲಿ ದಾಟಿ ಒಳಗೆ ಬಂದ. ಫೆಸ್ಟಸ್ ಕೋಲು ಅಡ್ಡ ಹಿಡಿದ.

“ನೀನು ಬೇಡ. ಇದು ಸುಳ್ಳು ಗುಂಡಿ.”

ಯೊಸ್ಟ್‌ನ ಮುಖ ಸಣ್ಣದಾಯಿತು. ತಲೆಯಾಡಿಸಿ ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು. ಆ ಸಂಜೆ ಫೆಸ್ಟಸನಿಗೆ ಬಿಯರ್ ಸುರಿದು ಕೊಡುವಾಗ ಅರ್ಧ ನೊರೆಯನ್ನೇ ಕೊಟ್ಟೆ. ಅವನು ಅದನ್ನೇ ಕುಡಿದ.

ಚಳಿಗಾಲದಲ್ಲಿ ಸಿನಿಮಾವನ್ನು ಚರ್ಚಿನ ಸಭಾಂಗಣದಲ್ಲಿ ತೋರಿಸಿದರು. ಅದರಲ್ಲಿ ಪೇಟೆಯವನಿಗೆ ವಾರ ಕಳೆಯುವುದರೊಳಗೆ ಹಳ್ಳಿಯವರು ಸನಿಕೆ ಕೈಗೆ ಕೊಡುತ್ತಾರೆ. ವಾರದೊಳಗೆ! ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯೊಸ್ಟ್. ಫೆಸ್ಟಸ್ ಮಾತ್ರ ನಗಲಿಲ್ಲ, ಕೆಮ್ಮುತ್ತಿದ್ದ.

ವಸಂತದಲ್ಲಿ ಫೆಸ್ಟಸ್ ಹೋದ. ಸಾಯುವಾಗಲೂ ಊರಿಗೆ ಕೆಲಸ ಕೊಡುವ ದಿನವನ್ನೇ ಆರಿಸಿಕೊಂಡ: ಶನಿವಾರ ತೀರಿಕೊಂಡ, ಮಂಗಳವಾರ ಮಣ್ಣು, ಗುಂಡಿ ತೋಡುವುದು ಸೋಮವಾರ. ಭಾನುವಾರ ಪೂಜೆ ಮುಗಿಸಿಕೊಂಡು ಅವನ ಮಗಳು ಊನಾ ಮಲಾಕಿಯ ಮನೆ ಕಡೆ ಹೊರಟಳು. ಜೊತೆಗೆ ಬಾ ಎಂದು ನನ್ನನ್ನೂ ಕರೆದಳು.

“ಅಪ್ಪ ಹೇಳಿ ಹೋಗಿದಾರೆ,” ಎಂದಳು ಬಾಗಿಲಲ್ಲೇ ನಿಂತು. “ಇವತ್ತು ಹೆಂಟೆ ಮಗುಚೋದೂ ನೀವೇ, ನಾಳೆ ಮೊದಲ ಸನಿಕೆ ಹಾಕೋದೂ ನೀವೇ ಅಂತೆ. ಆಳವಾಗಿ, ನೆಟ್ಟಗೆ ತೋಡಬೇಕಂತೆ. ನೀವು ಮಾತು ಕೊಟ್ಟಿದ್ರಂತೆ.”

ಯೊಸ್ಟ್ ಬಾಗಿಲನ್ನು ಪೂರ್ತಿ ತೆರೆದ, ಊನಾ ಮುಂದುವರಿಸಿದಳು.

“ಸಿನಿಮಾ ಗುಂಡಿಗೆ ಬೇಡ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನೀವು ತೋಡೋ ಮೊದಲನೇ ಗುಂಡಿ ಖಾಲಿ ಇರಬಾರದು ಅಂತ ಅವರ ಆಸೆ ಇತ್ತು.”

ಅವನು ಕಣ್ಣೊರೆಸಿಕೊಂಡು ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದ. ಬೇಡ ಎಂದಳು ಊನಾ. ಮತ್ತೆ ಕರೆದ. ಬೇಡವೇ ಬೇಡ ಎಂದಳು. ಅವನು ಕೆಟಲನ್ನು ಒಲೆಯಿಂದ ಇಳಿಸಲಿಲ್ಲ. ಮೂರನೆಯ ಸಲವೂ ಕರೆದ, ನಾವು ಒಳಗೆ ಹೋಗಿ ಕುಡಿದೆವು.

ಸಂಜೆ ಅವನು ಸನಿಕೆ ಹೆಗಲಿಗೇರಿಸಿಕೊಂಡು ಸ್ಮಶಾನದ ಒಳಕ್ಕೆ ಹೋದ. ಗೋಡೆಗೆ ಒರಗಿ ನಿಂತು ನೋಡಿದವರು ಈ ಸಲ ನಾವು.