ಪ್ರಿಲ್ ಮಾಮಾನ ಕೆಮ್ಮು

ಮಗಳ ಪಾಠವನ್ನು ಮಗಳಿಗಿಂತ ಹೆಚ್ಚು ಉರು ಹೊಡೆದ ತಾಯಂದಿರಲ್ಲಿ ನಾನೂ ಒಬ್ಬಳು. ಮಾನಸಿ ನರ್ಸಿಂಗ್ ಓದುತ್ತಿದ್ದಾಳೆ. ಔಷಧಗಳ ಪುಸ್ತಕ ತೆರೆದರೆ ಅವಳಿಗೆ ಜ್ವರ ಬರುತ್ತಿತ್ತು. ಸಯನ್ನಿನ ನಮ್ಮ ಪುಟ್ಟ ಮನೆಯಲ್ಲಿ ಅವಳು ಗಟ್ಟಿಯಾಗಿ ಓದಿದರೆ ಅಡುಗೆಮನೆಯ ನಾನೂ ಕೇಳಲೇಬೇಕು. ಹೆಸರಿನ ಬಾಲ ಹಿಡಿದರೆ ಔಷಧದ ಕುಲ ತಿಳಿಯುತ್ತದಂತೆ. ‘ಓಲಾಲ್’ ಎಂದು ಮುಗಿದರೆ ನಾಡಿಯನ್ನು ನಿಧಾನ ಮಾಡುವಂಥದ್ದು. ‘ಪ್ರಿಲ್’ ಎಂದು ಮುಗಿದರೆ ಬೀಪಿ ಇಳಿಸುವಂಥದ್ದು, ಕೆಲವರಿಗೆ ಒಣಕೆಮ್ಮನ್ನೂ ತರುವಂಥದ್ದು.

“ಬಾಲ ಸಿಗ್ತದೆ ಅಮ್ಮಾ, ಬಾಕಿದು ಯಾದ್ ಇರಲ್ಲ” ಎಂದು ಅವಳು ಅಳುಮುಖ ಮಾಡಿದಾಗ, ಒಂದೊಂದು ಬಾಲಕ್ಕೆ ಒಬ್ಬೊಬ್ಬ ನೆಂಟರನ್ನು ಕಟ್ಟುವ ಉಪಾಯ ಹೇಳಿದವಳು ನಾನೇ. ಲೋಕಲ್ ರೈಲು ಬಂದು ನಿಂತರೂ ಮೆಟ್ಟಿಲು ಎಣಿಸಿಕೊಂಡು ಇಳಿಯುವ ಭಾಂಡುಪಿನ ನಾದಿನಿ ಓಲಾಲ್ ಆದಳು. ಜೋಗೇಶ್ವರಿಯ ನಮ್ಮಣ್ಣ ಒಂದು ವರ್ಷದಿಂದ ಕೆಮ್ಮುತ್ತಿದ್ದ. ಅವನು ಪ್ರಿಲ್ ಮಾಮಾ. ಮಗಳು “ಪ್ರಿಲ್?” ಎಂದರೆ ಸಾಕು, ನಾನು ಒಗ್ಗರಣೆ ಬಿಟ್ಟು ಬಂದು ಅಣ್ಣನ ಹಾಗೇ ಕೆಮ್ಮಿ ತೋರಿಸುತ್ತಿದ್ದೆ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವನೆದುರು ಮಾತ್ರ ಆ ಹೆಸರು ಎತ್ತುತ್ತಿರಲಿಲ್ಲ.

ನಮ್ಮ ಅಜ್ಜಿ ಏನಾದರೂ ಮರೆಯಬಾರದೆಂದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಸಂಜೆ ಆ ಗಂಟು ಹಿಡಿದುಕೊಂಡು, “ಇದು ಯಾತಕ್ಕೇ?” ಎಂದು ನಮ್ಮನ್ನೇ ಕೇಳುತ್ತಿದ್ದಳು. ನನ್ನ ಕಥೆಯೂ ಅಷ್ಟೇ ಆಯಿತು.

ಅಣ್ಣ ಭಾನುವಾರ ನಮ್ಮಲ್ಲಿಗೆ ಬರುವುದನ್ನು ನಿಲ್ಲಿಸಿದ್ದ, ದಿನಾ ಸಂಜೆ ಫೋನು ಮಾತ್ರ ಮಾಡುತ್ತಿದ್ದ. ಕೆಮ್ಮಿದರೆ ಲೋಕಲ್‌ನಲ್ಲಿ ಜನ ಸರಿದು ನಿಲ್ಲುತ್ತಾರೆ, ಸುಮ್ಮನೆ ಯಾಕೆ, ಅನ್ನುತ್ತಿದ್ದ. ಜೋಗೇಶ್ವರಿಯ ಕಾರ್ಖಾನೆಗಳ ಧೂಳು, ಇನ್ನೇನು, ಎಂದು ನಾನು ಜೇಷ್ಠಮಧು ಕಳಿಸಿ ಕೈತೊಳೆದುಕೊಂಡಿದ್ದೆ.

ಒಂದು ದಿನ ನಾವೇ ಅವನ ಮನೆಗೆ ಹೋದೆವು. ಮಾನಸಿ ಆಗಷ್ಟೇ ವಾರ್ಡಿಗೆ ಹೋಗಲು ಶುರುಮಾಡಿದ್ದಳು. ಯಾರು ಕಂಡರೂ ಯಾವ ಮಾತ್ರೆ ಎಂದು ವಿಚಾರಿಸುವ ಹೊಸ ಹುರುಪು. “ಮಾಮಾ, ನೀವು ಬೀಪಿಗೆ ಕೌನ್‌ಸಾ ಗೋಲಿ ತಗೋತೀರಾ?” ಎಂದಳು. ಅಣ್ಣ ಜೇಬಿನಿಂದ ಸ್ಟ್ರಿಪ್ ತೆಗೆದುಕೊಟ್ಟ. ಹೆಸರಿನ ಕೊನೆಯಲ್ಲಿ ಪ್ರಿಲ್ ಇತ್ತು. ಅಯ್ಯೋ ದೇವರೇ! ಅಷ್ಟು ತಿಂಗಳು ಅವನ ಕೆಮ್ಮನ್ನು ಆಡಿಕೊಂಡು ನಕ್ಕ ನಮ್ಮಿಬ್ಬರಿಗೂ, ಅವನು ನುಂಗುವ ಮಾತ್ರೆ ಯಾವುದೆಂದು ಕೇಳಬೇಕೆಂದು ಒಂದು ಸಲವೂ ಹೊಳೆದಿರಲಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಅಣ್ಣ ಮತ್ತೆ ಸಯನ್ನಿಗೆ ಬಂದ, ಉಪ್ಪಿಟ್ಟು ತಿನ್ನುತ್ತಾ ಕೂತ. ನನಗೆ ತಲೆಯೆತ್ತಿ ಮಾತಾಡಲು ನಾಚಿಕೆ.

“ಕೆಮ್ಮು ಹೋಯ್ತಲ್ಲ ಪುಟ್ಟೀ, ಇನ್ನು ಪರೀಕ್ಷೇಲಿ ಪ್ರಿಲ್ ನೆನಪಿರುತ್ತಾ ನಿಂಗೆ?” ಎಂದು ಮಾನಸಿಯನ್ನು ಕೇಳಿದ. ನಾವಿಬ್ಬರೂ ಬೆಪ್ಪಾಗಿ ನೋಡಿದೆವು. ಅವನು ನನ್ನ ಕಡೆ ತಿರುಗಿ ನಕ್ಕ.

“ಫೋನ್ ಇಡೋಕೆ ಮೊದ್ಲೇ ಕೆಮ್ಮಿ ನಗೋಕೆ ಶುರು ಮಾಡ್ತಿದ್ರಿ ಕಣೇ, ಎಲ್ಲಾ ಕೇಳಿಸ್ತಿತ್ತು. ಹೋಗ್ಲಿ ಬಿಡು, ಅಂತೂ ದಿನಾ ನನ್ನ ನೆನೆಸ್ಕೋತಿದ್ರಲ್ಲ ಅಂತ ಖುಷಿಯಾಗ್ತಿತ್ತು.”