ಮೂರು ದಳದ ತಪ್ಪಿಗೆ

ಕಳೆದ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಅಂಗಳದ ಗಿಡ ಬೋಳಾಗಿ ನಿಂತಿತ್ತು. ಚಿಗುರು ಸಹಿತ ಮಾಯ! ಆಡು ನುಗ್ಗಿತೇ? ಸುತ್ತ ಕಟ್ಟಿದ ಜಾಲಿ ಮುಳ್ಳು ಹಾಗೇ ಇದೆ. ಬುಡಕ್ಕೆ ವಿಭೂತಿ ಬೇರೆ ಹಚ್ಚಿದ್ದಾರೆ. (ಆಡು ವಿಭೂತಿ ಹಚ್ಚುವುದಿಲ್ಲ.)

ಇದು ಅಂತಿಂಥ ಗಿಡವಲ್ಲ ಮಹಾರಾಯರೇ. ಕಡಲ ದಂಡೆಯ ನಿತ್ಯಹಸಿರು ಪೊದೆ. ಕಾರವಾರದ ಕಡೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ಗೆಳೆಯ (ವಿಜಾಪುರದ ಕಡೆಯ ನಮ್ಮ ಇಂಡಿ ಊರಿನವನೇ) ಹೋದ ವರ್ಷ ಎಣ್ಣೆ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತಂದುಕೊಟ್ಟಿದ್ದ. "ಅಲ್ಲಿ ಗುಡ್ಡದ ಮ್ಯಾಲ ಮೂರ ಪೊದಿ ಉಳದಾವು. ಅಲ್ಲೇ ರೋಡ್ ಮಾಡ್ತಾರಂತ. ಇದೊಂದು ನಿನ್ನ ಹತ್ರ ಬದುಕಿರ್ಲಿ" ಎಂದಿದ್ದ.

ಕಡಲೆಲ್ಲಿ, ಇಂಡಿಯೆಲ್ಲಿ? ಆದರೂ ಬದುಕಿಸಿದೆ. ದಿನಾ ಬಾವಿಯಿಂದ ಒಂದು ಕೊಡ ನೀರು. ಅದಕ್ಕೊಂದು ಚಿಟಿಕೆ ಉಪ್ಪು. (ಗೆಳೆಯ ಹೇಳಿರಲಿಲ್ಲ, ನನ್ನದೇ ಜಾಣತನ.) ಯಾರು ಮುಟ್ಟಿದರೂ ಗದರಿಕೆ.

ಎದುರು ಮನೆಯ ನೀಲವ್ವನನ್ನು ಕೇಳಿದೆ. ಒಂದಿಷ್ಟೂ ಅಳುಕಿಲ್ಲದೆ ಹೇಳಿದರು: "ನಾವ ಹರಕೊಂಡೇವ್ರಿ ಮಾಸ್ತರ. ಶ್ರಾವಣ ಸೋಮವಾರ ಅಲ್ಲೇನ್ರಿ? ಸಾಲೋಟಗಿ ಹಾದ್ಯಾಗಿನ ಬಿಲ್ವಪತ್ರಿ ಗಿಡದಾಗ ಒಂದು ಎಲಿ ಉಳಿದಿಲ್ಲ. ಇದಕ್ಕೂ ಮೂರು ದಳ ಅದಾವು."

"ಮೂರು ದಳ ಇದ್ದದ್ದೆಲ್ಲಾ ಪತ್ರಿ ಆಗ್ತೈತೇನ್ರಿ?"

"ಅದು ನಮಗೂ ಗೊತ್ತೈತ್ರಿ. ಆದ್ರ ನೀವು ದಿನಾ ಉಪ್ಪು ಹಾಕಿ ದೃಷ್ಟಿ ತಗೀತೀರಿ, ಯಾರನ್ನೂ ಮುಟ್ಟಗೊಡೂದಿಲ್ಲ. ದೇವರ ಗಿಡ ಅಲ್ಲದ ಮತ್ತೇನ್ರಿ?"

ಇಡೀ ಓಣಿಗೆ ಹಂಚಿದ್ದರಂತೆ. ನನಗೂ ಪಾಲು ಬಂತು. ಲಿಂಗದ ಮೇಲೆ ಏರಿಸಿ ಇಳಿಸಿದ ಮೂರು ದಳ, ಪ್ರಸಾದ! ಬೈಯಲು ಬಾಯಿ ತೆರೆದೆ. ಆದರೆ ಬೇಸಿಗೆಯಲ್ಲಿ ನಾನು ಎಂಟು ದಿನ ವಿಜಾಪುರದಲ್ಲಿದ್ದಾಗ, ತಮ್ಮ ಮನೆಯ ಕುಡಿಯುವ ನೀರು ಹಾಕಿ ಇದನ್ನು ಉಳಿಸಿದವರೂ ಇದೇ ನೀಲವ್ವ. ಹೇಗೆ ಬೈಯಲಿ? ಸಿಟ್ಟು ನುಂಗಿಕೊಂಡು ಒಳಗೆ ಬಂದೆ.

ಆಡು ಮುಟ್ಟದ ಸೊಪ್ಪಿಲ್ಲ ಎಂದು ಪಾಪ ಆಡನ್ನು ದೂರುತ್ತೇವೆ. ದಸರೆಯ ಮರುದಿನ ಬನ್ನಿ ಮರವನ್ನು ನೋಡಿದ್ದೀರಾ? ಹಿಂದಿನ ದಿನ ಕೈಮುಗಿದವರೇ ಕೊಂಬೆ ಮುರಿದಿರುತ್ತಾರೆ. ಪೂಜೆ ಎಂದರೆ ಕಿತ್ತು ತರುವುದೇ? ಮುಟ್ಟದೆ ದೂರದಿಂದಲೇ ನಮಸ್ಕಾರ ಮಾಡಿದರೆ ದೇವರೇನು ಒಲ್ಲೆ ಅನ್ನುತ್ತಾನೆಯೇ? ನನಗಂತೂ ಸಾಕಾಗಿ ಹೋಗಿದೆ.

ದಿನಾ ಕಾಂಡವನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಮೊನ್ನೆ ಒಳಗೆ ಹಸಿರು ಕಾಣುತ್ತಿತ್ತು, ಜೀವವಿತ್ತು. ಇವತ್ತು ಬುಡದ ತನಕ ಕಂದು.

ಇವತ್ತೇ ಗೆಳೆಯನ ಇನ್‌ಲ್ಯಾಂಡ್ ಲೆಟರ್ ಕೂಡ ಬರಬೇಕೇ? "ರೋಡ್ ಆತು. ಮೂರೂ ಪೊದಿ ಹೋದವು. ನಿನ್ನ ಗಿಡದ್ದು ಎರಡು ಕಡ್ಡಿ ಕಳಸು, ಮತ್ತ ಹಚ್ಚಿ ಬೆಳಸೂಣು."

ಏನು ಕಳಿಸಲಿ ಹೇಳಿ, ಪ್ರಸಾದವನ್ನೇ?