ಎಣ್ಣೆ ಹತ್ತದ ಜರ್ನಲ್

ನನ್ನ ಕೆಂಪು ಪೆನ್ನಿನ ಮೇಲೆ ನನಗೆ ಭಾಳ ಅಭಿಮಾನವಿತ್ತು. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗಕ್ಕೆ ಪಾಠ ಹೇಳುತ್ತೇನೆ. ಶಹಾಬಾದಿನ ಮನೆಯಿಂದ ದಿನಾ ರೈಲಿನಲ್ಲಿ ಹೋಗಿ ಬರುವುದು. ಆ ದಾರಿಯಲ್ಲೇ ಹುಡುಗರ ಜರ್ನಲ್‌ಗಳಿಗೆ ಸಹಿ ಹಾಕಿ ಮುಗಿಸುತ್ತಿದ್ದೆ. ಜರ್ನಲ್ ಅಂದರೆ ಪ್ರಯೋಗಶಾಲೆಯ ಪುಸ್ತಕ. ಅದು ಹೇಗಿರಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು: ಸ್ಕೇಲ್ ಹಿಡಿದು ಎಳೆದ ಅಂಚು, ಮುತ್ತು ಪೋಣಿಸಿದಂಥ ಅಕ್ಷರ, ಒಂದೂ ಚಿತ್ತುಕಾಟು ಇರಬಾರದು. ಯಂತ್ರದ ಅಳತೆ ಸರಿ ಬರದಿದ್ದರೆ ಹಿಂದಿನ ವರ್ಷದವರ ಜರ್ನಲ್ ತಂದು ಸರಿಯಾದ ಅಳತೆ ಇಳಿಸಿಕೊಳ್ಳುತ್ತಾರೆ. ನಾನೂ ಹಾಗೇ ಬರೆದು ಪಾಸಾದವಳು.

ಕೆಲವು ವರ್ಷಗಳ ಹಿಂದೆ, ವಿದ್ಯಾರ್ಥಿಗಳನ್ನು ಹೊರದೇಶದ ಕಾರ್ಖಾನೆಗಳಿಗೆ ತರಬೇತಿಗೆ ಕಳಿಸುವ ಕೆಲಸವನ್ನು ಕಾಲೇಜಿನವರು ನನ್ನ ತಲೆಗೆ ಕಟ್ಟಿದರು. ಅಲ್ಲಿ ಅವರಿಗೆ ನಿಜವಾಗಿ ಕಲಿಸುತ್ತಾರೋ ಇಲ್ಲವೋ ನೋಡಿಕೊಳ್ಳುವುದೂ ನನ್ನದೇ ಹೊಣೆ. ನಾನು ಉದ್ದನೆಯ ಫಾರಂ ಮಾಡಿದೆ. ಕೋಣೆ ಹೇಗಿದೆ, ವಿಮೆ ಇದೆಯೇ, ಸುರಕ್ಷತೆಯ ಬೂಟು ಕೊಟ್ಟಿದ್ದಾರೆಯೇ. ಊಟದಲ್ಲಿ ಖಾರ ಸಾಲುತ್ತದೆಯೇ ಎಂದು ಕೂಡ ಕೇಳಿದ್ದೆ. ಕೆಲಸ ಕಲಿಯುತ್ತಿದ್ದೀಯಾ ಎಂದು ಕೇಳುವುದೊಂದು ಬಿಟ್ಟುಹೋಗಿತ್ತು. ಅದಕ್ಕೆ ಜರ್ನಲ್ ಇದೆಯಲ್ಲ ಅಂದುಕೊಂಡೆ.

ಮೊದಲು ಹೋದವಳು ಚಂದ್ರಂಪಳ್ಳಿ ಕಡೆಯ ಹುಡುಗಿ, ಚಿಂಚೋಳಿ ತಾಲೂಕಿನ ಮಾಸ್ತರರ ಮಗಳು. ವಿಯೆಟ್ನಾಮಿನ ಒಂದು ಸಿಮೆಂಟ್ ಕಾರ್ಖಾನೆ, ಆರು ತಿಂಗಳು. ಅವಳಿಗೆ ಇದ್ದದ್ದು ಒಂದೇ ಆಸೆ, ಭಟ್ಟಿಯ ರಿಪೇರಿ ಕಲಿಯಬೇಕು. ಭಟ್ಟಿ ಅಂದರೆ ಸುಣ್ಣದ ಕಲ್ಲು ಸುಡುವ, ಹಗಲಿರುಳು ತಿರುಗುವ ಉದ್ದನೆಯ ಉಕ್ಕಿನ ಕೊಳವೆ. ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಸಿಮೆಂಟಿನ ಚಿಮಣಿಗಳೇ, ಆದರೆ ಭಟ್ಟಿಯ ಹತ್ತಿರ ಹೆಣ್ಣುಮಗಳೊಬ್ಬಳು ಬೋಲ್ಟು ಬಿಗಿಯುವ ಪಾನಾ ಹಿಡಿದು ನಿಂತದ್ದನ್ನು ನಾನು ಕಂಡಿರಲಿಲ್ಲ. ಅವಳಪ್ಪ ಕಾಲೇಜಿಗೆ ಬಂದು, "ನಿಮ್ಮ ಭರೋಸಾ ಮ್ಯಾಲ ಕಳಸಾಕತ್ತೀನ್ರಿ ಮೇಡಂ" ಎಂದು ಕೈ ಮುಗಿದರು.

ಪ್ರತಿ ವಾರ ಅವಳ ಜರ್ನಲಿನ ಫೋಟೊ ಬರುತ್ತಿತ್ತು. ನಾನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ 'ವೆರಿ ಗುಡ್' ಎಂದು ಬರೆದು, ಅದರ ಫೋಟೊ ತಿರುಗಿ ಕಳಿಸುತ್ತಿದ್ದೆ. ಮೂರು ತಿಂಗಳಲ್ಲಿ ಫೈಲು ದಪ್ಪಗಾಯಿತು. ಒಂದು ರವಿವಾರ ಅದನ್ನು ಮೆರೆಸುವುದಕ್ಕೆಂದೇ ವಾಡಿಗೆ, ನನ್ನ ಸೋದರಮಾವನ ಮನೆಗೆ ಒಯ್ದೆ. ಮಾವ ಮೂವತ್ತು ವರ್ಷ ಭಟ್ಟಿಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಅಂಕಿ ಕಂಡರೆ ಬಿಡುವವರಲ್ಲ. ಕಲ್ಲಿನ ಕಟ್ಟೆಯ ಮೇಲೆ ಕುಳಿತು ಹಾಳೆ ತಿರುವಿದರು.

"ಯವ್ವಾ, ಹನ್ನೆರಡು ದಿನ ಆತು, ಬೇರಿಂಗಿನ ಗರಮ್ ಒಂದೇ ಅದ. ಇದು ಭಟ್ಟಿನೋ, ಗುಡಿಯಾಗಿನ ನಂದಾದೀಪನೋ?"

"ಹೊರದೇಶದ ಕಾರ್ಖಾನಿ ಮಾವಾ, ಚಲೋ ಇರ್ತದ" ಎಂದೆ, ಸಿಟ್ಟಿನಿಂದಲೇ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಇರ್ಲಿ. ಆದ್ರ ಇದ್ರಾಗ ಒಬ್ಬ ಮನುಷ್ಯಾನೂ ಇಲ್ಲಲ್ಲ! ಏನ್ ಕೆಟ್ತು, ಯಾರ್ ಬೈದ್ರು, ಯಾರ್ ಕೈ ಸುಟ್ಕೊಂಡ್ರು? ಈಕಿ ಭಟ್ಟಿ ಕಡಿ ಹೋಗೇ ಇಲ್ಲ. ಪುಸ್ತಕ ನೋಡಿ ಬರದಾಳ. ಹಿಂಗ ಬರೀಲಿಕ್ಕ ಯಾರ್ ಕಲಿಸ್ಯಾರೋ ಏನೋ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಚಹಾ ಅರ್ಧಕ್ಕೇ ಬಿಟ್ಟು ಅಲ್ಲಿಂದಲೇ ಫೋನ್ ಹಚ್ಚಿದೆ.

ಹುಡುಗಿ ಮೊದಲು ಎಲ್ಲಾ ಚಲೋ ಅದ ಎಂದಳು. ಮಾವ ಹೇಳಿದ್ದನ್ನು ಹೇಳಿದೆ. ಆಮೇಲೆ ಅತ್ತಳು. ಇವಳ ಇಂಗ್ಲಿಷ್ ಚೆನ್ನಾಗಿದೆಯೆಂದು ಬಂದ ವಾರವೇ ಆಫೀಸಿನಲ್ಲಿ ಪತ್ರ ಬರೆಯಲು ಕೂರಿಸಿದ್ದರಂತೆ. ಭಟ್ಟಿಯನ್ನು ಎರಡು ಸಲ ದೂರದಿಂದ ನೋಡಿದ್ದಳು.

"ಯಾಕ ಹೇಳ್ಲಿಲ್ಲ?" ಎಂದೆ.

"ಹೇಳಿದ್ರ ಮುಂದ ನಮ್ಮ ಕಾಲೇಜಿನೋರ್ನ ಕರೆಯಂಗಿಲ್ಲ ಅಂತ ಅಂಜಿದ್ನಿರಿ ಮೇಡಂ. ಮತ್ತ... ನೀವು ವೆರಿ ಗುಡ್ ಅಂತ ಬರೀತಿದ್ರಲ್ರಿ."

ನನಗೆ ನಾಚಿಕೆಯಾಯಿತು. ಅವಳ ಅರ್ಧ ತರಬೇತಿ ನನ್ನ ಕೆಂಪು ಮಸಿಯ ಕೆಳಗೆ ಹಾಳಾಗಿಹೋಗಿತ್ತು. ಉಳಿದದ್ದು ಮೂರೇ ತಿಂಗಳು.

ಆ ಕಾರ್ಖಾನೆಗೆ ನಾನು ಸಿಟ್ಟಿನಲ್ಲಿ ಬರೆದ ಪತ್ರವನ್ನು ಮಾವ ಓದಿಸಿ ಕೇಳಿದರು. "ಇದನ್ನ ಕಳಸಬ್ಯಾಡ. ಬೈದ್ರ ಆಕಿನ್ನ ಮನಿಗಿ ಕಳಸ್ತಾರ, ಭಟ್ಟಿಗಲ್ಲ. ಅಲ್ಲಿ ನನ್ನಂಥವ ಒಬ್ಬ ಇರ್ತಾನ, ಅವನ ಸಂಗಾಟ ಮಾತಾಡಸು" ಎಂದರು. ಹಾಗೇ ವಿನಯದಿಂದ ಬೇರೆ ಪತ್ರ ಬರೆದು ಕೇಳಿಕೊಂಡೆ. ಮುಂದಿನ ವಾರ ವಿಡಿಯೊದಲ್ಲಿ ಅಲ್ಲಿಯ ಫೋರ್‌ಮನ್ ಬಂದ. ಅವನ ಮಾತು ಮಾವನಿಗೆ ತಿಳಿಯದು, ಮಾವನದು ಅವನಿಗೆ ತಿಳಿಯದು. ನಡುವೆ ಆಫೀಸಿನವನೊಬ್ಬ, ನಾನೊಬ್ಬಳು. ಮಾವ ಅಂಗಿಯ ತೋಳು ಮಡಚಿ ಮುಂಗೈಯ ಹಳೆಯ ಸುಟ್ಟ ಕಲೆ ತೋರಿಸಿದರು. ಅವನೂ ನಕ್ಕು ತೋಳು ಮಡಚಿ ತನ್ನದನ್ನು ತೋರಿಸಿದ. ಆಮೇಲೆ ಮಾವ ಹೇಳಿದ್ದು ಒಂದೇ ಮಾತು: "ಹುಡುಗಿ ನಮ್ಮದು. ಕೆಲಸ ಕಲಿಸ್ರಿ, ತಪ್ಪಿದ್ರ ಬೈರಿ." ನಾಲ್ಕನೆಯ ದಿನ ಅವಳು ಬೇರಿಂಗ್ ರಿಪೇರಿಯವರ ಜೊತೆಗಿದ್ದಳು.

ಅಂದಿನಿಂದ ಜರ್ನಲ್ ಬೇಡ, ಕಚ್ಚಾ ನೋಟುಬುಕ್ಕಿನ ಫೋಟೊ ಸಾಕು ಎಂದೆ. ಯಾರ ಜೊತೆ ನಿಂತೆ, ಏನು ಕೆಟ್ಟಿತು, ನಿನಗೆ ಏನು ತಿಳಿಯಲಿಲ್ಲ, ಇಷ್ಟು ಬರೆ. ಈಗ ಸೇಡಂ, ಚಿತ್ತಾಪುರ ಕಡೆಯ ಹುಡುಗರು ಎಲ್ಲೆಲ್ಲಿಗೋ ಹೋಗುತ್ತಾರೆ. ಎಲ್ಲರಿಗೂ ಇದನ್ನೇ ಕೇಳುತ್ತೇನೆ. ಉತ್ತರದಲ್ಲಿ ತಪ್ಪೇ ಇಲ್ಲದಿದ್ದರೆ ಅದೇ ದಿನ ಫೋನ್ ಮಾಡುತ್ತೇನೆ. ಖಾರದ ಪ್ರಶ್ನೆ ಮಾತ್ರ ಫಾರಂನಲ್ಲಿ ಹಾಗೇ ಇದೆ.

ಆ ಮೊದಲ ಹುಡುಗಿ ಆರು ತಿಂಗಳು ಮುಗಿಸಿ ಸೀದಾ ವಾಡಿಗೆ ಬಂದಳು. ನಾನೂ ಹೋಗಿದ್ದೆ. ಮಾವನ ಕಾಲಿಗೆ ನಮಸ್ಕಾರ ಮಾಡಿ ನೋಟುಬುಕ್ಕು ಕೊಟ್ಟಳು. ಪುಟಗಳೆಲ್ಲ ಎಣ್ಣೆ, ಗ್ರೀಸಿನ ಬೆರಳ ಗುರುತು. ಮಾವ ಒಂದು ಪುಟ ನನ್ನಿಂದ ಓದಿಸಿದರು: ಬೋಲ್ಟುಗಳನ್ನು ಬಿಗಿಯುವ ಸರದಿ ತಪ್ಪಿಸಿದೆ, ಫೋರ್‌ಮನ್ ಎಲ್ಲವನ್ನೂ ಬಿಚ್ಚಿಸಿದ, ಅರ್ಧ ದಿನ ಹೋಯಿತು, ಭಾಳ ಬೈದ, ಆಮೇಲೆ ತನ್ನ ಡಬ್ಬಿಯ ಊಟ ಕೊಟ್ಟ. "ಈಗ ಹಾಕವ್ವಾ ಸಹಿ" ಎಂದರು ಮಾವ. ಅವರ ಕಣ್ಣು ತುಂಬಿತ್ತು. ಆ ಇಬ್ಬರು ಫೋರ್‌ಮನ್‌ಗಳ ಋಣ ನಾನು ಯಾವ ಜನ್ಮದಲ್ಲಿ ತೀರಿಸುತ್ತೇನೋ.

ಸಹಿ ಹಾಕಿದೆ. ಆಮೇಲೆ ಚೀಲದಿಂದ ಹಳೆಯ ಫೈಲು ತೆಗೆದು, ಮೊದಲ ಹಾಳೆಯ ನನ್ನ 'ವೆರಿ ಗುಡ್' ಮೇಲೆ ಗೀಟು ಎಳೆದು, ಕೆಳಗೆ ಬರೆದೆ: 'ಮೂರು ತಿಂಗಳು ಅಕ್ಷರ ನೋಡಿದೆ, ಹುಡುಗಿಯನ್ನು ನೋಡಲಿಲ್ಲ.' ಪೆನ್ನು ಅವಳ ಕೈಗೆ ಕೊಟ್ಟು, "ತಪ್ಪು ನಂದು. ನೀ ಸಹಿ ಹಾಕು" ಎಂದೆ.

ಅವಳು ಮಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸಹಿ ಹಾಕಿದಳು. ಅದರ ಪಕ್ಕದಲ್ಲಿ ಕೆಂಪು ಮಸಿಯಲ್ಲೇ, ಮುತ್ತಿನಂಥ ಅಕ್ಷರದಲ್ಲಿ ಬರೆದಳು: 'ವೆರಿ ಗುಡ್'.